ಡಬ್ಬಿ ಹಂಚಿಕೊಂಡವರು ಭಾಷೆಗೆ ದಂಡ ಕಟ್ಟಿದೆವು

ಭದ್ರಾವತಿಯ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರಕ್ಕೆಲ್ಲ ನಾಲ್ಕು ಭಾಷೆ ಏಳುತ್ತಿದ್ದವು. ಎದುರು ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ಉರ್ದು, ಹಿಂದಿನ ಮನೆಯ ಅಮ್ಮಚ್ಚಿಯದು ಮಲಯಾಳದಲ್ಲಿ ಜಪಸರ, ನಮ್ಮದು ಕನ್ನಡ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಬಂದವರು ಇಲ್ಲೇ ನಿಂತರು. ನಮ್ಮೂರಿನಲ್ಲಿ ‘ನೀವು ಯಾವ ಕಡೆಯವರು?’ ಎಂಬ ಪ್ರಶ್ನೆಗೆ ‘ಪೇಪರ್ ಟೌನ್ ಕಡೆ’ ಎಂಬುದೇ ಉತ್ತರ!

ನಾನು ಓದಿದ್ದು ಸಿಸ್ಟರ್‌ಗಳು ನಡೆಸುವ ಕಾನ್ವೆಂಟ್‌ನಲ್ಲಿ. ತರಗತಿಯಲ್ಲಿ ಕ್ಯಾಥೊಲಿಕ್ ಮಕ್ಕಳು ಬೆರಳೆಣಿಕೆಯಷ್ಟು. ವಾರಕ್ಕೆರಡು ಸಲ ಅವರು ಧರ್ಮೋಪದೇಶದ ಕ್ಲಾಸಿಗೆ ಎದ್ದು ಹೋಗುತ್ತಿದ್ದರು, ಉಳಿದವರಿಗೆ ಮಾರಲ್ ಸೈನ್ಸ್. ನಮಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ, ಅವರ ಕ್ಲಾಸ್ ಹತ್ತು ನಿಮಿಷ ಬೇಗ ಬಿಡುತ್ತದೆ ಎಂಬ ಹೊಟ್ಟೆಕಿಚ್ಚು ಬಿಟ್ಟರೆ. ರಂಜಾನ್ ಮರುದಿನ ಶೀರ್ ಖುರ್ಮಾ, ಕ್ರಿಸ್‌ಮಸ್‌ಗೆ ಕಲ್‌ಕಲ್, ನಮ್ಮನೆಯಿಂದ ಸಂಕ್ರಾಂತಿಯ ಎಳ್ಳು. ಡಬ್ಬಿಗಳು ಬೆಂಚಿನಿಂದ ಬೆಂಚಿಗೆ ಓಡಾಡುತ್ತಿದ್ದವು. ಊಟಕ್ಕೆ ಮುಂಚೆ ಅಭ್ಯಾಸಬಲದಿಂದ ಶಿಲುಬೆಯ ಗುರುತು ಮಾಡಿಕೊಂಡ ನನ್ನನ್ನು ಕಂಡು ಅಜ್ಜಿ ಒಂದು ದಿನ ಬೆಚ್ಚಿಬಿದ್ದಿದ್ದರು. ಆಮೇಲೆ, ‘ದೇವ್ರಿಗೇ ತಾನೇ, ಮಾಡ್ಕೊ’ ಅಂದರು.

ಅಪ್ಪ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಕೆಲಸ ನಿಂತ ವರ್ಷ ನಾನು ಎಂಟನೇ ಕ್ಲಾಸು. ಅಪ್ಪ ಆಫೀಸಿನಲ್ಲಿ ತಲೆ ತಗ್ಗಿಸಿ ನಿಂತಿದ್ದಾಗ ಸಿಸ್ಟರ್ ಫೀಸ್ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಏನೋ ಬರೆದು, ‘ಆದಾಗ ಕಟ್ಟಿ’ ಎಂದು ಕಳಿಸಿದರು. ಆ ಪೆನ್ಸಿಲ್ ಬರಹ ಇಲ್ಲದಿದ್ದರೆ ನಾನು ಇಂದು ಬಿ.ಎಡ್. ಮುಗಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಹೇಳುವುದು ಅಷ್ಟು ಸಿಹಿಯಾಗಿಲ್ಲ.

ಅದೇ ಶಾಲೆಯಲ್ಲಿ ದಾರ ಕಟ್ಟಿದ ಒಂದು ಮರದ ತುಂಡಿತ್ತು. ಕನ್ನಡದಲ್ಲಿ ಮಾತಾಡಿ ಸಿಕ್ಕಿಬಿದ್ದವರ ಕೊರಳಿಗೆ ಅದು. ಅವರು ಇನ್ನೊಬ್ಬರನ್ನು ಹಿಡಿದು ದಾಟಿಸಬೇಕು. ಸಂಜೆ ಬೆಲ್ ಹೊಡೆದಾಗ ಯಾರ ಕೊರಳಲ್ಲಿರುತ್ತದೋ ಅವರಿಗೆ ಐದು ರೂಪಾಯಿ ದಂಡ. ಆ ವರ್ಷ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಒಬ್ಬಳು ನಮ್ಮಲ್ಲಿಗೆ ಸೇರಿದ್ದಳು. ಒಂದು ಮಧ್ಯಾಹ್ನ ನನ್ನ ಕೊರಳಲ್ಲಿ ತುಂಡಿತ್ತು. ಐದು ರೂಪಾಯಿ ಕೇಳಲು ಮನೆಯಲ್ಲಿ ಮುಖವಿರಲಿಲ್ಲ. ಅವಳ ಹತ್ತಿರ ಹೋಗಿ, ‘ನಿಮ್ಮನೇಲಿ ಇವತ್ತೇನು ಸಾರು?’ ಎಂದು ಪಿಸುಗುಟ್ಟಿದೆ. ಪಾಪ, ‘ಸೊಪ್ಪಿನ ಸಾರು’ ಅಂದಳು. ತುಂಡು ಅವಳಿಗೆ ಹೋಯಿತು. ಇನ್ನೊಬ್ಬರನ್ನು ಹಿಡಿಯಲು ಅವಳಿಗೆ ಬರಲಿಲ್ಲ, ಮೂರು ದಿನ ಅದು ಅವಳಲ್ಲೇ ಉಳಿಯಿತು. ಅಲ್ಲಿಂದಾಚೆ ಅವಳು ಇಂಗ್ಲಿಷನ್ನೂ ಆಡಲಿಲ್ಲ, ಕನ್ನಡವನ್ನೂ ಆಡಲಿಲ್ಲ. ಮರುವರ್ಷ ಟಿ.ಸಿ. ತೆಗೆದುಕೊಂಡು ಹೋದಳು. ಅದಕ್ಕೇ ಹೋದಳು ಅಂತ ಹೇಳಲಾರೆ, ಅವಳಪ್ಪನ ಕೆಲಸವೂ ಹೋಗಿತ್ತು. ಆದರೆ ಸೊಪ್ಪಿನ ಸಾರು ಅಂದಾಗಲೆಲ್ಲ ನನಗೆ ಅವಳ ನೆನಪು.

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ, 2022ರ ಫೆಬ್ರುವರಿಯಲ್ಲಿ, ಹಿಜಾಬ್ ಗಲಾಟೆ ಶಿವಮೊಗ್ಗಕ್ಕೂ ಬಂತು. ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೆಲ್ಲ ಮೂರು ದಿನ ರಜೆ. ಆಗ ನಮ್ಮ ಕಾನ್ವೆಂಟ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬ, ‘ನಮ್ಮ ಶಾಲೇಲಿ ಇಂಥದ್ದೆಲ್ಲ ಇರಲೇ ಇಲ್ಲ, ಎಲ್ಲರೂ ಒಂದೇ ಆಗಿದ್ವಿ’ ಎಂದು ಬರೆದ. ಹತ್ತಾರು ಹೃದಯದ ಎಮೋಜಿ ಬಿದ್ದವು. ನಾನೂ ಒಂದು ಹಾಕಿದೆ. ಆಮೇಲೆ ಯೋಚನೆ ಬಂತು. ಟಿ.ಸಿ. ತೆಗೆದುಕೊಂಡು ಹೋದವಳು ಆ ಗುಂಪಿನಲ್ಲೇ ಇಲ್ಲವಲ್ಲ!

ಬಿ.ಎಡ್. ಸೇರಿದ ಮೇಲೆ ಇದಕ್ಕೆಲ್ಲ ಕಾನೂನಿನ ಹೆಸರುಗಳಿವೆ ಎಂದು ಗೊತ್ತಾಯಿತು. ಟಿಇಟಿಗೆ ಓದುತ್ತಿರುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅದೇ ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಪ್ರಮತಿ ಪ್ರಕರಣದಲ್ಲಿ, ಶೇ 25 ಸೀಟು ಬಡ ಮಕ್ಕಳಿಗೆ ಎನ್ನುವ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದಿತು. ಕರ್ನಾಟಕದ ಪ್ರಕರಣದಲ್ಲಿ, ಖಾಸಗಿ ಶಾಲೆಗಳಿಗೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ಪ್ರಮತಿ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರ ಸೆಪ್ಟೆಂಬರ್ 1ರಂದು, ಟಿಇಟಿ ಕುರಿತ ಪ್ರಕರಣದಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎತ್ತಿ, ವಿಸ್ತೃತ ಪೀಠದ ಕಡೆಗೆ ಕಳಿಸಿದ್ದಾರೆ.

ಹಾಗಾಗಿ ಇಂಥ ಶಾಲೆಯಲ್ಲಿ ಬಡ ಮಗುವಿಗೆ ಬಾಗಿಲು ತೆರೆಯುವುದು ಬಹಳ ಮಟ್ಟಿಗೆ ಶಾಲೆಯವರ ಮನಸ್ಸಿನ ಮೇಲೇ ನಿಂತಿದೆ. ಪೆನ್ಸಿಲ್ ಬರಹದ ಹಾಗೆ. ಅವರದೇ ಹಿರಿಯರ ಮಾತು ಮಾತ್ರ ಸ್ಪಷ್ಟವಾಗಿದೆ. ಶಿಕ್ಷಣದ ಬಗೆಗಿನ ಘೋಷಣೆ ಮತ್ತು ಅನ್ಯಧರ್ಮಗಳನ್ನು ಗೌರವಿಸಬೇಕೆಂಬ ಘೋಷಣೆ, ಎರಡನ್ನೂ ವ್ಯಾಟಿಕನ್ ಹೊರಡಿಸಿದ್ದು ಒಂದೇ ದಿನ, 1965ರ ಅಕ್ಟೋಬರ್ 28ರಂದು. 2024ರ ಏಪ್ರಿಲ್‌ನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಸಮ್ಮೇಳನ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕಳಿಸಿತು: ಅನ್ಯಧರ್ಮದ ಮಕ್ಕಳ ಮೇಲೆ ಕ್ರೈಸ್ತ ಸಂಪ್ರದಾಯ ಹೇರಬೇಡಿ, ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಸರ್ವಧರ್ಮ ಪ್ರಾರ್ಥನಾ ಕೋಣೆ ಮಾಡಿ.

ಆ ವರ್ಷವೇ ನನಗೆ ಇಂಟರ್ನ್‌ಶಿಪ್. ಸಿಕ್ಕಿದ್ದು ಶಿವಮೊಗ್ಗದ ಒಂದು ಕ್ಯಾಥೊಲಿಕ್ ಶಾಲೆ. ದಿನಾ ಭದ್ರಾವತಿಯಿಂದ ಬಸ್ಸು. ಬೆಳಿಗ್ಗೆ ಮಕ್ಕಳು ಪೀಠಿಕೆ ಓದುತ್ತಿದ್ದರು, ಚೆನ್ನಾಗಿಯೇ ಓದುತ್ತಿದ್ದರು. ಇಂಗ್ಲಿಷಿನಲ್ಲಿ. ಮರದ ತುಂಡು ಅಲ್ಲಿರಲಿಲ್ಲ. ಕಾರಿಡಾರಿನ ಉದ್ದಕ್ಕೂ ‘ಇಲ್ಲಿ ಇಂಗ್ಲಿಷ್ ಮಾತ್ರ’ ಎಂಬ ಬೋರ್ಡುಗಳಿದ್ದವು.

ಎಂಟನೇ ತರಗತಿಯಲ್ಲಿ, ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ. ಹಾಸ್ಟೆಲಿನಿಂದ ಬರುವವಳು, ತಾಂಡಾದವಳು. ಮನೆಯಲ್ಲಿ ಲಂಬಾಣಿ, ಊರಲ್ಲಿ ಕನ್ನಡ, ಇಲ್ಲಿ ಇಂಗ್ಲಿಷ್. ಹದಿನೈದು ದಿನ ಅವಳ ದನಿಯನ್ನೇ ನಾನು ಕೇಳಲಿಲ್ಲ. ದಹನ ಮತ್ತು ಜ್ವಾಲೆ ಪಾಠ ನಡೆಯುತ್ತಿತ್ತು. ಪ್ರಯೋಗಾಲಯದಲ್ಲಿ, ಬೇರೆ ಮೇಷ್ಟ್ರು ಯಾರೂ ಇಲ್ಲದ್ದು ನೋಡಿಕೊಂಡು, ಹಸಿ ಸೌದೆ ಯಾಕೆ ಬೇಗ ಹತ್ತಿಕೊಳ್ಳಲ್ಲ ಎಂದು ಕನ್ನಡದಲ್ಲೇ ಕೇಳಿದೆ. ಹಿಂದಿನಿಂದ ಸಣ್ಣ ದನಿ: ‘ಬೆಂಕಿ ಮೊದ್ಲು ಒಳಗಿನ ನೀರು ಕುಡೀಬೇಕಲ್ವ ಮಿಸ್, ಆಮೇಲೆ ತಾನೇ ಸೌದೆ ಬಿಸಿಯಾಗೋದು?’ ಪುಸ್ತಕದ ಇಗ್ನಿಷನ್ ಟೆಂಪರೇಚರ್ ಅವಳಿಗೆ ಒಲೆ ಮುಂದೆ ಕೂತೇ ಗೊತ್ತಿತ್ತು. ಪದ ಮಾತ್ರ ಗೊತ್ತಿರಲಿಲ್ಲ. ಪದವನ್ನು ಬೋರ್ಡಿನ ಮೇಲೆ ಬರೆದೆ. ಬರೆದುಕೊಂಡಳು.

ಮರುದಿನ ಧೈರ್ಯ ಮಾಡಿ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಹತ್ತಿರ ಹೋದೆ. ಅವರು ಸಿಟ್ಟಾಗಲಿಲ್ಲ. ‘ನಿಮ್ಮ ಅಪ್ಪ ನಿಮ್ಮನ್ನ ಕಾನ್ವೆಂಟಿಗೆ ಯಾಕೆ ಸೇರಿಸಿದ್ರು?’ ಎಂದು ಕೇಳಿದರು. ‘ಇಂಗ್ಲಿಷಿಗೆ’ ಅಂದೆ. ‘ಆ ಹುಡುಗಿಯ ಅಪ್ಪನೂ ಅದಕ್ಕೇ ಸೇರಿಸಿದ್ದು. ಕನ್ನಡದಲ್ಲೇ ಪಾಠ ಅಂದ್ರೆ ನಾಳೆ ಬಂದು ಅವರೇ ಕೇಳ್ತಾರೆ.’ ನನ್ನ ಬಳಿ ಉತ್ತರವಿರಲಿಲ್ಲ. ಇಂಟರ್ವ್ಯೂಗಳಲ್ಲಿ ತಡವರಿಸಿದ ನಮಗೆಲ್ಲ ಗೊತ್ತು, ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೂ ಹೇಳಿದೆ: ‘ಸಿಸ್ಟರ್, ಬಾಯೇ ತೆರೆಯದಿದ್ದರೆ ಇಂಗ್ಲಿಷಾದರೂ ಹೇಗೆ ಬರುತ್ತೆ?’ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ, ‘ಲ್ಯಾಬಿನಲ್ಲಿ ಮಾಡಿ. ಕ್ಲಾಸ್‌ರೂಮಿನಲ್ಲಿ ಬೇಡ’ ಅಂದರು.

ಅಷ್ಟೇ ಸಿಕ್ಕಿದ್ದು. ಕಡಿಮೆಯಾಯಿತು ಅಂತ ಆಗ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ವಾರಕ್ಕೆರಡು ಪೀರಿಯಡ್ ಆ ಲ್ಯಾಬು ಸಂತೆಯಾಯಿತು. ಮೊದಲು ಕನ್ನಡದಲ್ಲಿ ಜಗಳ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯುವುದು. ಉರ್ದು ಮನೆಮಾತಿನ ಹುಡುಗನೊಬ್ಬ ಬೂದಿಗೆ ‘ರಾಖ್’ ಅಂದ. ಅವಳು ‘ನಮ್ಮಲ್ಲೂ ಹಂಗೇ ಅಂತೀವಿ’ ಅಂದು ಮೊದಲ ಸಲ ನಕ್ಕಳು.

ಕೊನೆಯ ದಿನ ಸ್ಟಾಫ್ ರೂಮಿನಲ್ಲಿ ದಾಖಲೆ ಪುಸ್ತಕಗಳಿಗೆ ಸಹಿ ಹಾಕಿಸುತ್ತಿದ್ದೆ. ಬಾಗಿಲಲ್ಲಿ ಅವಳು ನಿಂತಿದ್ದಳು. ಏನೋ ಕೇಳಲು ಬಾಯಿ ತೆರೆದವಳು ಗೋಡೆಯ ಬೋರ್ಡು ನೋಡಿ ಸುಮ್ಮನಾದಳು. ಕಾರಿಡಾರಿನ ತುದಿಯ ಲ್ಯಾಬಿನ ಕಡೆ ಕೈ ತೋರಿಸಿದಳು. ನಾನು ಪೆನ್ನು ಕೆಳಗಿಟ್ಟು ಅವಳ ಹಿಂದೆ ನಡೆದೆ.