ಕರುಳಿನ ಒಳಗೋಡೆ: ಅದರ ದಿಕ್ಕು, ಅದರ ಬೆಸುಗೆ

ಮಳೆಗಾಲದಲ್ಲಿ ನಲ್ಲಿಯ ನೀರಿಗೆ ಚರಂಡಿಯ ನೀರು ಸೇರುವ ಅಪಾಯವಿರುವ ಮಹಾನಗರಗಳಲ್ಲಿ ವಾಂತಿಭೇದಿ ಅಪರೂಪವಲ್ಲ. ಒಂದು ಲೀಟರ್ ಶುದ್ಧವಾದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಬೆರೆಸಿ ಕುಡಿಸಬೇಕೆಂಬುದು ಅನೇಕ ಗೃಹಿಣಿಯರಿಗೆ ತಿಳಿದ ವಿಷಯವೇ. ಆದರೆ ಬರಿಯ ಉಪ್ಪುನೀರು ಏಕೆ ಸಾಲದು? ಉತ್ತರವು ಕರುಳಿನ ಒಳಗೋಡೆಯ ರಚನೆಯಲ್ಲಿದೆ.

ಸಣ್ಣ ಕರುಳಿನ ಒಳಮೈಯನ್ನು ಅನುಲೇಪಕ ಕೋಶಗಳ ಒಂದೇ ಒಂದು ಪದರ ಆವರಿಸಿದೆ. ಆಹಾರದತ್ತ ಮುಖಮಾಡಿದ ಮೇಲ್ಮೈ ಒಂದು ಬಗೆಯದು. ರಕ್ತನಾಳಗಳತ್ತ ತಿರುಗಿದ ತಳವೂ ಪಕ್ಕಗಳೂ ಬೇರೊಂದು ಬಗೆಯವು. ಈ ಭೇದಕ್ಕೆ ಧ್ರುವೀಯತೆ ಎಂದು ಹೆಸರು.

ಕೋಶಕ್ಕೆ ದಿಕ್ಕು ತಿಳಿಯುವುದು ಸ್ಪರ್ಶದಿಂದ. ಆಧಾರಪೊರೆ ತಗಲಿದ ಕಡೆ ತಳ, ನೆರೆಕೋಶ ತಗಲಿದ ಕಡೆ ಪಕ್ಕ, ಏನೂ ತಗಲದ ಕಡೆ ಮೇಲು. ನೆರೆಕೋಶಗಳು ಪರಸ್ಪರ ಹಿಡಿದುಕೊಳ್ಳುವುದು ಕ್ಯಾಡ್ಹೆರಿನ್ ಎಂಬ ಪ್ರೋಟೀನಿನಿಂದ. ಕ್ಯಾಲ್ಸಿಯಂ ಇಲ್ಲದಿದ್ದರೆ ಈ ಹಿಡಿತ ನಿಲ್ಲದು. ಹಿಡಿತ ಕೂಡಿದ ಬಳಿಕ ‘ಪಾರ್’ ಗುಂಪಿನ ಕೆಲವು ಪ್ರೋಟೀನುಗಳು ಮೇಲಂಚಿನಲ್ಲಿ ನೆಲೆಸುತ್ತವೆ, ಅವುಗಳ ಪ್ರತಿಸ್ಪರ್ಧಿಗಳು ಕೆಳಗೆ ನೆಲೆಸುತ್ತವೆ. ಒಂದರ ಸೀಮೆಗೆ ಇನ್ನೊಂದು ಕಾಲಿಡಗೊಡದು. ಆ ಗಡಿಯಲ್ಲಿಯೇ ಬಿಗಿಸಂಧಿಯು ಕೋಶದ ಸುತ್ತಲೂ ಒಡ್ಯಾಣದಂತೆ ಕಟ್ಟಿಕೊಳ್ಳುತ್ತದೆ. 1963ರಲ್ಲಿ ಮೆರಿಲಿನ್ ಫಾರ್ಕ್ವಾರ್ ಮತ್ತು ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಈ ಸಂಧಿಗಳನ್ನು ವಿವರಿಸಿದರು. ಬಿಗಿಸಂಧಿಯು ಕೋಶಗಳ ನಡುವಣ ಸಂದಿನಲ್ಲಿ ಏನು ನುಸುಳಬಹುದೆಂಬುದನ್ನು ನಿಯಂತ್ರಿಸುತ್ತದೆ. ಅಲ್ಲದೆ ಮೇಲ್ಮೈಯ ಪ್ರೋಟೀನು ಪಕ್ಕಕ್ಕೆ ಜಾರದಂತೆಯೂ ಕಾಯುತ್ತದೆ.

ಈ ವಿಂಗಡಣೆ ಅತ್ಯಗತ್ಯ. ಮೇಲ್ಮೈಯಲ್ಲಿರುವ ಒಂದು ವಾಹಕವು ಸೋಡಿಯಂ ಮತ್ತು ಗ್ಲೂಕೋಸುಗಳನ್ನು ಜೊತೆಯಾಗಿದ್ದರೆ ಮಾತ್ರ ಒಳಕ್ಕೆ ಬಿಡುತ್ತದೆ. ರಾಬರ್ಟ್ ಕ್ರೇನ್ ಈ ವಿಚಾರವನ್ನು 1960ರಲ್ಲಿ ಮುಂದಿಟ್ಟರು. ತಳದಲ್ಲೂ ಪಕ್ಕಗಳಲ್ಲೂ ಇರುವ ಪಂಪು ಸೋಡಿಯಮ್ಮನ್ನು ರಕ್ತದತ್ತ ದಾಟಿಸುತ್ತದೆ, ನೀರು ಹಿಂಬಾಲಿಸುತ್ತದೆ. ವಾಹಕವೂ ಪಂಪೂ ಒಂದೇ ಮೈಯಲ್ಲಿದ್ದಿದ್ದರೆ, ಜಮೆಯಾದ ಹಣವನ್ನು ಅದೇ ಕಿಂಡಿಯಿಂದ ಒಡನೆಯೇ ಹಿಂದಿರುಗಿಸಿದಂತಾಗಿ ಖಾತೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಮನೆಯ ಸಕ್ಕರೆ ಕರುಳಿನಲ್ಲಿ ಒಡೆದು ಈ ಗ್ಲೂಕೋಸನ್ನು ಒದಗಿಸುತ್ತದೆ.

ಕಾಲರಾ ವಿಷವನ್ನು ಕಲ್ಕತ್ತೆಯ ಶಂಭುನಾಥ ದೇ ಅವರು 1959ರಲ್ಲಿ ಪ್ರಯೋಗದಿಂದ ತೋರಿಸಿದರು. ಅದು ಮೇಲ್ಮೈಯ ಕ್ಲೋರೈಡ್ ದ್ವಾರಗಳನ್ನು ತೆರೆದಿಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಮ್ಮೂ ನೀರೂ ಹೊರಕ್ಕೆ ಸುರಿಯುತ್ತವೆ. ಆದರೂ ಗೋಡೆ ಕುಸಿಯದು, ಗ್ಲೂಕೋಸಿನ ವಾಹಕ ಕೆಡದು. ಔಷಧಕ್ಕೆ ಉಳಿದ ದಾರಿ ಇದೇ. 1971ರಲ್ಲಿ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಶಿರೆಗೆ ಕೊಡುವ ದ್ರವ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಡ್ರಮ್ಮುಗಳಿಂದ ಈ ಪಾನೀಯವನ್ನೇ ಹಂಚಿಸಿದರು. ಶೇಕಡ 30ರಷ್ಟಿದ್ದ ಮರಣ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು.

ಅಳತೆ ತಪ್ಪಬಾರದು. ಸಕ್ಕರೆ ಅತಿಯಾದರೆ ಅದೇ ನೀರನ್ನು ಕರುಳಿಗೆ ಸೆಳೆದು ಭೇದಿ ಹೆಚ್ಚುತ್ತದೆ. ಉಪ್ಪು ಅತಿಯಾದರೆ ಶಿಶುವಿಗೆ ಅಪಾಯ. ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣವೇ ಮೇಲು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕುಡಿಸಬೇಕು, ಎದೆಹಾಲನ್ನು ನಿಲ್ಲಿಸಕೂಡದು. ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಕುಡಿಯಲಾರದಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯುದ್ದಕ್ಕೂ, ನುಂಗಬಲ್ಲದಾದರೆ, ಕುಡಿಸುತ್ತಲೇ ಇರಬೇಕು.