ಆ ‘ಎಕ್ಸ್’ ಯಾರು?

ಇಂಟರ್ನಲ್ಸ್ ಹಿಂದಿನ ರಾತ್ರಿ ಜೆ.ಪಿ. ನಗರದ ರೂಮಿನಲ್ಲಿ ಕೂತು ನಾವು ನಾಲ್ವರು ಒಂದೇ ಲೆಕ್ಕಕ್ಕೆ ಎರಡು ಉತ್ತರ ಬರೆದಿದ್ದೆವು. ಪ್ರಶ್ನೆ ಇಷ್ಟೇ:

ಧನ ಪಯಾನ್ → ಧನ ಮ್ಯೂಯಾನ್ + ಎಕ್ಸ್

ಬಾಯಿಪಾಠ ಬೇಡ, ಜಮಾ-ಖರ್ಚು ನೋಡಿದರೆ ಸಾಕು. ಎಡಕ್ಕೆ ಎಷ್ಟಿದೆಯೋ ಬಲಕ್ಕೂ ಅಷ್ಟೇ ಇರಬೇಕು.

ವಿದ್ಯುದಾವೇಶ: ಪಯಾನ್‌ಗೆ +1, ಮ್ಯೂಯಾನ್‌ಗೂ +1. ಹಾಗಾದ್ರೆ ಎಕ್ಸ್‌ಗೆ 0.

ಬೇರಿಯಾನ್ ಸಂಖ್ಯೆ: ಎರಡಕ್ಕೂ 0. ಎಕ್ಸ್‌ಗೂ 0, ಅಂದರೆ ಅದು ನ್ಯೂಟ್ರಾನ್ ಅಲ್ಲ.

ಮ್ಯೂಯಾನ್-ಲೆಪ್ಟಾನ್ ಸಂಖ್ಯೆ: ಎಡವೋದು ಇಲ್ಲೇ. ಧನ ಮ್ಯೂಯಾನ್ ಪ್ರತಿಕಣ, ಅದಕ್ಕೆ −1. ಪಯಾನ್‌ಗೆ 0. ಹಾಗಾಗಿ ಎಕ್ಸ್‌ಗೆ +1 ಬರಲೇಬೇಕು. ಫೋಟಾನ್ ಕೂಡ ಹೊರಗೆ. ಉತ್ತರ: ಮ್ಯೂಯಾನ್ ನ್ಯೂಟ್ರಿನೋ.

ಮ್ಯೂಯಾನ್ ಮೇಲೆ ಪ್ಲಸ್ ಇದೆಯಲ್ಲ ಅಂತ ಅದಕ್ಕೆ +1 ಕೊಟ್ಟರೆ ಪ್ರತಿನ್ಯೂಟ್ರಿನೋ ಬರುತ್ತೆ, ಮಾರ್ಕ್ಸ್ ಹೋಗುತ್ತೆ. ನಮ್ಮಲ್ಲೂ ಇಬ್ಬರು ಹಾಗೇ ಬರೆದಿದ್ರು.

ಈ ಎಕ್ಸ್ ಬರೀ ಹಾಳೆಯ ಮೇಲಿನದಲ್ಲ. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಪಯಾನ್‌ಗಳು ಹೀಗೇ ಒಡೆಯುತ್ತವೆ. ಹಾಗೆ ಬಂದ ನ್ಯೂಟ್ರಿನೋಗಳ ಗುರುತು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಸಿಕ್ಕಿತು. ಕಂಡದ್ದು ನ್ಯೂಟ್ರಿನೋ ಅಲ್ಲ, ಅದು ಬಂಡೆಯಲ್ಲಿ ಹುಟ್ಟಿಸಿದ ಮ್ಯೂಯಾನ್. ವಿಜ್ಞಾನಿಗಳೂ ಮಿಕ್ಕ ಕಣವನ್ನು ನೋಡಿಯೇ ಕಾಣದ್ದನ್ನು ಗುರುತಿಸಿದರು.

1980ರ ದಶಕದಲ್ಲಿ ಅದೇ ಗಣಿಯಲ್ಲಿ ಪ್ರೋಟಾನ್ ಕ್ಷಯವನ್ನೂ ಹುಡುಕಿದರು. ಅದು ನಿಜವಾದರೆ ಬೇರಿಯಾನ್ ನಿಯಮವೇ ಮುರಿದಂತೆ. ಖಚಿತ ಸಾಕ್ಷಿ ಎಲ್ಲೂ ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಪರೀಕ್ಷೆಯಲ್ಲಿ ಧೈರ್ಯವಾಗಿ ನಂಬೋಣ. ಚಿಹ್ನೆ ಮಾತ್ರ ಎರಡು ಸಲ ನೋಡೋಣ.