ಪುಣ್ಯತಿಥಿಗೊಂದು ಸಂಗೀತೋತ್ಸವ

ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಸಂಗೀತಗಾರರಲ್ಲಿ ಗುರುವಿನ ಪುಣ್ಯತಿಥಿಯಂದು ಹಾಡಿನ ಸೇವೆ ಸಲ್ಲಿಸುವ ರೂಢಿಯಿದೆ. ಶಿಷ್ಯರು ವರ್ಷಕ್ಕೊಮ್ಮೆ ಒಂದೆಡೆ ಸೇರಿ, ಗುರುವಿನಿಂದ ಕಲಿತದ್ದನ್ನು ಸರದಿಯಂತೆ ಹಾಡುತ್ತಾರೆ. ಸಂಗೀತಗಾರರಲ್ಲದವರ ಮನೆಗಳಲ್ಲೂ ಇದೇ ಮನೋಭಾವ ಬೇರೆ ರೂಪದಲ್ಲಿ ಕಾಣುತ್ತದೆ. ಪಕ್ಷಮಾಸದಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದ ಅಡುಗೆಯನ್ನೇ ಮಾಡುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಕೂತು ಅದನ್ನೇ ಉಣ್ಣುತ್ತಾರೆ. ಅಗಲಿದವರಿಗೆ ಪ್ರಿಯವಾಗಿದ್ದುದನ್ನು ಉಳಿದವರು ಸೇರಿ ಅನುಭವಿಸುವುದೇ ಎರಡು ಕಡೆಯೂ ಸ್ಮರಣೆಯ ಕ್ರಮ. ಈ ಕ್ರಮ ಒಂದು ಮಹಾನಗರದ ಹಬ್ಬವಾಗಿ ಬೆಳೆದಿರುವುದು ಪುಣೆಯಲ್ಲಿ. ಅದನ್ನು ಬೆಳೆಸಿದವರು ಗದಗ ಸೀಮೆಯಿಂದ ಹೋದ ಒಬ್ಬ ಕನ್ನಡಿಗ.

ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಯಾರ ನೆನಪಿಗಾಗಿ ಹುಟ್ಟಿತೋ ಆ ರಾಮಭಾವು ಕುಂದಗೋಳಕರ ಅವರು 1886ರಲ್ಲಿ ಧಾರವಾಡದ ಬಳಿಯ ಅಮರಗೋಳದಲ್ಲಿ ಜನಿಸಿ, ಕುಂದಗೋಳದಲ್ಲಿ ಬೆಳೆದವರು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರ ಶಿಷ್ಯರಾಗಿ, ಮರಾಠಿ ಸಂಗೀತ ನಾಟಕಗಳಲ್ಲಿ ಹೆಸರು ಮಾಡಿ, 'ಸವಾಯಿ ಗಂಧರ್ವ' ಎಂಬ ಬಿರುದಿನಿಂದಲೇ ಪ್ರಸಿದ್ಧರಾದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಅವರ ಶಿಷ್ಯರಲ್ಲಿ ಪ್ರಮುಖರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಭೀಮಸೇನರದು ಗುರುವಿನ ಮನೆಯಲ್ಲೇ ಇದ್ದು, ಮನೆಗೆಲಸ ಮಾಡುತ್ತ ಕಲಿತ ಹಳೆಯ ಪದ್ಧತಿಯ ಶಿಕ್ಷಣ. 1946ರಲ್ಲಿ ಗುರುವಿಗೆ ಅರವತ್ತು ತುಂಬಿದ ಸಮಾರಂಭ ಪುಣೆಯಲ್ಲಿ ನಡೆದಾಗ ಭೀಮಸೇನರು ಹಾಡಿದ ಕಛೇರಿ ಅವರಿಗೆ ದೊಡ್ಡ ಹೆಸರು ತಂದಿತು.

ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯುವಿನಿಂದ ಅವರ ಹಾಡುಗಾರಿಕೆ ನಿಂತೇಹೋಗಿತ್ತು. ಮರುವರ್ಷ, 1953ರಲ್ಲಿ, ಮೊದಲ ಪುಣ್ಯತಿಥಿಯ ನಿಮಿತ್ತ ಭೀಮಸೇನರು ಪುಣೆಯಲ್ಲಿ ಸ್ಮರಣೋತ್ಸವ ಆರಂಭಿಸಿದರು. ಆರ್ಯ ಸಂಗೀತ ಪ್ರಸಾರಕ ಮಂಡಳ ಅದನ್ನು ನಡೆಸಿಕೊಂಡು ಬಂದಿದೆ. ಆರಂಭದಲ್ಲಿ ಗುರುಬಂಧುಗಳ ಮತ್ತು ಆಪ್ತರ ಕೂಟದಂತಿದ್ದ ಈ ಸೇವೆಗೆ ಕ್ರಮೇಣ ಬೇರೆ ಘರಾಣೆಗಳ ಗಾಯಕರು, ವಾದಕರು, ನೃತ್ಯಗಾರರು ಬಂದರು. ಇಂದು ಡಿಸೆಂಬರ್ ತಿಂಗಳ ಚಳಿಯಲ್ಲಿ ಹಲವು ದಿನ ನಡೆಯುವ ಈ ಉತ್ಸವಕ್ಕೆ ಸಾವಿರಾರು ಶ್ರೋತೃಗಳು ಸೇರುತ್ತಾರೆ.

ಬಹುಕಾಲ ಉತ್ಸವ ನಡೆದದ್ದು ಊರ ನಡುವಿನ ರಮಣಬಾಗ ಶಾಲೆಯ ಮೈದಾನದಲ್ಲಿ. ಈಚಿನ ವರ್ಷಗಳಲ್ಲಿ ಅದು ಮುಕುಂದನಗರಕ್ಕೆ ಸ್ಥಳಾಂತರವಾಗಿದೆ. ಹಿಂದೆಲ್ಲ ಕಛೇರಿ ರಾತ್ರಿಯಿಡೀ ನಡೆದು ಬೆಳಿಗ್ಗೆ ಮುಗಿಯುತ್ತಿತ್ತು. ಧ್ವನಿವರ್ಧಕಗಳ ನಿಯಮ ಬಿಗಿಯಾದ ಮೇಲೆ ಆ ಪದ್ಧತಿ ನಿಂತಿತು. ಆದರೂ ನೆಲದ ಮೇಲಿನ ಬೈಠಕ್, ಮನೆಯಿಂದ ಶಾಲು ಹೊದ್ದು ಬರುವ ಕುಟುಂಬಗಳು, ವಿರಾಮದಲ್ಲಿ ಚಹಾ ಮತ್ತು ಬಟಾಟೆ ವಡೆ, ಯಾರು ಯಾವ ರಾಗ ಹಾಡಿದರು ಎಂಬ ಚರ್ಚೆ ಎಲ್ಲವೂ ಹಾಗೇ ಉಳಿದಿವೆ. ಅಲ್ಲಿಗೆ ಬರುವ ಬಹುತೇಕರು ಸವಾಯಿ ಗಂಧರ್ವರನ್ನು ಕಂಡವರಲ್ಲ. ಆದರೂ ಅವರ ಶಿಷ್ಯರ, ಪ್ರಶಿಷ್ಯರ ಕಂಠದಲ್ಲಿ ಆ ಗಾಯನದ ರೀತಿಯನ್ನು ಕೇಳಿದವರು.

ಸ್ಮರಣೋತ್ಸವ ನಡೆಸುವವರೂ ಒಂದು ದಿನ ಸ್ಮರಣೆಗೆ ಸೇರುತ್ತಾರೆ. ಭೀಮಸೇನರು 2011ರ ಜನವರಿ 24ರಂದು ಪುಣೆಯಲ್ಲಿ ನಿಧನರಾದರು. ಅದೇ ವರ್ಷದಿಂದ ಉತ್ಸವದ ಹೆಸರಿನಲ್ಲಿ ಗುರುವಿನ ಜೊತೆಗೆ ಶಿಷ್ಯನ ಹೆಸರೂ ಸೇರಿಕೊಂಡಿತು. ಅವರ ಪತ್ನಿ ವತ್ಸಲಾಬಾಯಿ ಜೋಶಿಯವರ ನೆನಪಿನ ಪ್ರಶಸ್ತಿಯನ್ನೂ ಇದೇ ಉತ್ಸವದಲ್ಲಿ ಕಲಾವಿದರಿಗೆ ನೀಡಲಾಗುತ್ತದೆ. ಒಂದು ಅಗಲಿಕೆಗಾಗಿ ಆರಂಭವಾದ ಆಚರಣೆ ಹೀಗೆ ಮುಂದಿನ ಅಗಲಿಕೆಗಳಿಗೂ ಜಾಗ ಮಾಡಿಕೊಟ್ಟಿದೆ. ಹಾಡುವವರ ಸಾಲಿನಲ್ಲಿ ಮಾತ್ರ ಪ್ರತಿವರ್ಷ ಹೊಸಬರಿರುತ್ತಾರೆ.

ಇಂಥ ಆಚರಣೆಗೆ ಗುರುಪರಂಪರೆಯಲ್ಲೇ ಬೇರುಗಳಿವೆ. ಅಬ್ದುಲ್ ಕರೀಂ ಖಾನ್ 1937ರಲ್ಲಿ ಮದ್ರಾಸಿನ ಸಮೀಪದ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿಯಿರುವುದು ಮೀರಜದ ದರ್ಗಾದ ಆವರಣದಲ್ಲಿ. ಅಲ್ಲಿ ವರ್ಷವರ್ಷವೂ ಉರುಸಿನ ವೇಳೆ ಕಲಾವಿದರು ಹಾಡುತ್ತಾರೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಸಂಗೀತ ಸೇವೆ ನಡೆಯುತ್ತದೆ. ಊರಿನ ಜನ, ಸುತ್ತಲ ಹಳ್ಳಿಗಳವರು ಅಲ್ಲಿಯ ಶ್ರೋತೃಗಳು. ಕರ್ನಾಟಕ ಸಂಗೀತದಲ್ಲೂ ಇಂಥ ಉದಾಹರಣೆಯಿದೆ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ. ಅಲ್ಲಿಯ ಆರಾಧನೆಯಲ್ಲಿ ನೂರಾರು ಕಲಾವಿದರು ಒಟ್ಟಿಗೆ ಕೂತು ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಸಂಗೀತದ ಆಚೆಗೂ, ಮೆಕ್ಸಿಕೋ ದೇಶದ ಜನ ನವೆಂಬರ್ ಮೊದಲ ಎರಡು ದಿನ ತಮ್ಮವರ ಸಮಾಧಿಗಳಿಗೆ ಚೆಂಡು ಹೂವು ಮುಡಿಸಿ, ಅವರಿಷ್ಟದ ತಿನಿಸಿಟ್ಟು ಹಬ್ಬ ಮಾಡುತ್ತಾರೆ.

ಶೋಕದ ಬಗ್ಗೆ ಮನಶ್ಶಾಸ್ತ್ರದ ತಿಳಿವಳಿಕೆಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಸಿಗ್ಮಂಡ್ ಫ್ರಾಯ್ಡ್ 1917ರ ತಮ್ಮ ಪ್ರಬಂಧದಲ್ಲಿ, ಅಗಲಿದವರಲ್ಲಿ ನೆಟ್ಟ ಮನಸ್ಸನ್ನು ಮೆಲ್ಲಮೆಲ್ಲನೆ ಬಿಡಿಸಿಕೊಳ್ಳುವುದೇ ಶೋಕದ ಕೆಲಸವೆಂದು ವಿವರಿಸಿದರು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ ಸಂಪಾದಿಸಿದ ಪುಸ್ತಕ ಬೇರೆಯದೇ ನೋಟವನ್ನು ಮುಂದಿಟ್ಟಿತು. ಅದರ ಪ್ರಕಾರ ಸಾವಿನಿಂದ ಸಂಬಂಧ ಕಡಿದುಹೋಗುವುದಿಲ್ಲ, ಅದರ ರೂಪ ಬದಲಾಗುತ್ತದೆ. ಅಗಲಿದವರೊಂದಿಗೆ ಒಳಗೊಳಗೇ ನಂಟು ಉಳಿಸಿಕೊಳ್ಳುವುದು ರೋಗವೇನಲ್ಲ. 1999ರಲ್ಲಿ ನೆದರ್‌ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್, ದುಃಖಿಯ ಮನಸ್ಸು ನೋವಿಗೂ ದಿನನಿತ್ಯದ ಬದುಕಿಗೂ ನಡುವೆ ಹೋಗಿ ಬರುತ್ತಿರುತ್ತದೆ ಎಂದರು. ಈ ಓಡಾಟವೇ ಚೇತರಿಕೆಯ ದಾರಿ ಎಂಬುದು ಅವರ ವಾದ. ನಕ್ಕ ಮಾತ್ರಕ್ಕೆ ಮರೆತಂತಲ್ಲ, ಅತ್ತ ಮಾತ್ರಕ್ಕೆ ಬದುಕು ನಿಂತಂತಲ್ಲ.

ಈ ಬೆಳಕಿನಲ್ಲಿ ನೋಡಿದರೆ ಪುಣ್ಯತಿಥಿಯ ಉತ್ಸವ ಕೆಲಸ ಮಾಡುವ ಬಗೆ ಸ್ಪಷ್ಟವಾಗುತ್ತದೆ. ಅದಕ್ಕೆ ಗೊತ್ತಾದ ಕಾಲವಿದೆ, ಆದ್ದರಿಂದ ನೋವಿಗೂ ಒಂದು ಗಡುವು ಸಿಗುತ್ತದೆ. ಅದು ಒಬ್ಬರ ಮೌನವಾಗಿ ಉಳಿಯದೆ ಹಲವರ ಒಡನಾಟವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಲೊಂದು ಕೆಲಸವಿರುತ್ತದೆ: ತಂಬೂರಿ ಶ್ರುತಿ ಮಾಡಬೇಕು, ಚಪ್ಪರ ಹಾಕಿಸಬೇಕು, ಕಲಿತ ಚೀಜುಗಳನ್ನು ಮತ್ತೆ ತಾಲೀಮು ಮಾಡಬೇಕು. ಹಾಗೆ ಮಾಡುವಾಗ ಅಗಲಿದವರ ಗುಣ, ಉಳಿದವರ ಕೈಯಲ್ಲಿ, ಕಂಠದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಇಷ್ಟಾದರೂ ಎಲ್ಲ ದುಃಖಕ್ಕೂ ಇದೇ ಮದ್ದು ಎನ್ನಲಾಗದು. ಗಂಗೂಬಾಯಿ ಹಾನಗಲ್ ಅವರ ಬದುಕು ಅದಕ್ಕೆ ಸಾಕ್ಷಿ. ಹದಿಹರೆಯ ದಾಟುವ ಹೊತ್ತಿಗೆ ತಾಯಿ ಅಂಬಾಬಾಯಿಯವರನ್ನು ಕಳೆದುಕೊಂಡರು. ಇಳಿವಯಸ್ಸಿನಲ್ಲಿ, 2004ರಲ್ಲಿ, ವೇದಿಕೆಯಲ್ಲಿ ಜೊತೆಗೆ ಹಾಡುತ್ತಿದ್ದ ಮಗಳು ಕೃಷ್ಣಾ ತೀರಿಕೊಂಡರು. ಅಂಥ ನಷ್ಟವನ್ನು ಯಾವ ಉತ್ಸವವೂ ತುಂಬಿಕೊಡಲಾರದು. ಆದರೂ 2006ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಮತ್ತೊಮ್ಮೆ ವೇದಿಕೆಯೇರಿ ಹಾಡಿದರು. ಶೋಕ ಹಸಿಯಾಗಿರುವಾಗ ಸಂಭ್ರಮವನ್ನು ಒತ್ತಾಯದಿಂದ ತರಲಾಗದು. ಅದು ಬರುವುದಿದ್ದರೆ ಕಾಲ ಕಳೆದ ಮೇಲೆ, ನಿಯಮದಂತೆ ಮಾಡುವ ಕೆಲಸದ ಜೊತೆಗೇ ಬರುತ್ತದೆ. ಪುಣೆಯ ಸೇವೆಯೂ ಸಾವಿನ ಮರುದಿನ ಹುಟ್ಟಿದ್ದಲ್ಲ, ವರ್ಷ ತುಂಬಿದ ಮೇಲೆ ಹುಟ್ಟಿದ್ದು. ಮನೆಯಲ್ಲಿ ಹಿರಿಯರ ನೆನಪಿಗೆ ಅವರ ಕೈರುಚಿಯ ಹೋಳಿಗೆ ಮಾಡುವವರು, ಅವರು ನೆಟ್ಟ ಮಾವಿನ ಹಣ್ಣನ್ನು ನೆರೆಹೊರೆಗೆ ಹಂಚುವವರು, ಅವರ ಹೆಸರಿನಲ್ಲಿ ಮಕ್ಕಳಿಗೆ ಪುಸ್ತಕ ಕೊಡಿಸುವವರು ನಡೆಯುತ್ತಿರುವುದೂ ಇದೇ ದಾರಿಯಲ್ಲಿ.